ಒಂಬತ್ತನೆಯ ನೀಲಿ

ಒಂಬತ್ತನೆಯ ಚುಕ್ಕೆಯ ಮೇಲೆ ಇನ್‌ಸ್ಪೆಕ್ಟರಮ್ಮನ ಬೆರಳು ನಿಂತುಬಿಟ್ಟಿತು.

"ಇದು ನೀಲಿ," ಎಂದಳು.

"ನೀಲಿನೇ," ಎಂದಳು ಪ್ರೊಫೆಸರರ ಮಗಳು.

"ಇಲ್ಲಿ ನೀಲಿ ಬರಬಾರದು ಅಂದ್ರಲ್ಲ?"

"ಬರಲೇಬಾರದು."

ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಬಿಚ್ಚಿಕೊಂಡಿತ್ತು. ಅದರೊಳಗೆ ಅಂಟಿಸಿದ ಉದ್ದನೆಯ ಬಿಳಿ ಕಾಗದದ ಪಟ್ಟಿಯಲ್ಲಿ ಹದಿನೇಳು ಚುಕ್ಕೆಗಳು. ಹದಿನೇಳೂ ಬದನೆಕಾಯಿಯ ಸಿಪ್ಪೆಯಂಥ ಕಡುನೀಲಿ. ಆದರೆ ಒಂಬತ್ತನೆಯದರ ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: "ಕಂದು. ಸರಿ ಇದೆ."

ಪ್ರೊಫೆಸರ್ ಸತ್ತು ಇವತ್ತಿಗೆ ಹನ್ನೊಂದು ದಿನ. ತಮ್ಮದೇ ಔಷಧವನ್ನು ಮೊದಲು ತಮ್ಮ ತೋಳಿಗೇ ಚುಚ್ಚಿಕೊಳ್ಳುವುದು ಅವರ ಪದ್ಧತಿ. ಈ ಸಲ ಚುಚ್ಚಿಕೊಂಡವರು ಅರ್ಧ ಗಂಟೆಯೊಳಗೆ ಹೋಗಿಬಿಟ್ಟರು. ಮೈಯೊಳಗಿನ ಕೆಂಪು ಕಣಗಳೆಲ್ಲ ಒಡೆದು ರಕ್ತ ಬರೀ ಕೆಂಪು ನೀರಾಗಿತ್ತು ಎಂದು ಶವಪರೀಕ್ಷೆ ಮಾಡಿದ ಡಾಕ್ಟರು ಬರೆದಿದ್ದರು.

ಅದಕ್ಕೂ ಹಿಂದಿನ ಬುಧವಾರ ಆ ಔಷಧ ತಯಾರಿಸಿದ ಕೈ ಒಂದೇ. ಪ್ರೊಫೆಸರರ ತಂಗಿಯದು. ಮಗಳು ಚಿಕ್ಕಂದಿನಲ್ಲಿ ಇಲ್ಲೇ ಆಡಿಕೊಂಡು ಬೆಳೆದವಳು. ಅವಳು "ಅತ್ತೆ" ಎಂದು ಕರೆದು ಕರೆದು, ಲ್ಯಾಬಿನ ಕಾವಲುಗಾರನಿಗೂ ಅವರು ಅತ್ತೆಯೇ ಆಗಿಹೋಗಿದ್ದರು. ಆ ಅತ್ತೆಯನ್ನು ಕೊಲೆ ಆರೋಪದ ಮೇಲೆ ಸಂಜೆ ನಾಲ್ಕಕ್ಕೆ ಕರೆದುಕೊಂಡು ಹೋಗಲು ಇನ್‌ಸ್ಪೆಕ್ಟರಮ್ಮನ ಸಾಹೇಬರು ಜೀಪಿನೊಂದಿಗೆ ಬರುವವರಿದ್ದರು. ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು.

"ಇನ್ನೊಂದು ಸಲ ಹೇಳಿ," ಎಂದಳು ಇನ್‌ಸ್ಪೆಕ್ಟರಮ್ಮ. "ನಾನು ರಸಾಯನಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಮಗುಗೆ ಹೇಳೋ ಹಾಗೆ ಹೇಳಿ."

ಮಗಳಿಗೆ ನಗು ಬರಲಿಲ್ಲ. ಮೇಜಿನ ಮೂಲೆಯಲ್ಲಿದ್ದ ಹಳೆಯ ಟೆಲಿಫೋನಿನ ಸುರುಳಿ ವಯರನ್ನು ಕೈಗೆತ್ತಿಕೊಂಡಳು.

"ಅಮೈನೋ ಆಮ್ಲ ಅಂದ್ರೆ ಮಣಿ ಅಂದ್ಕೊಳ್ಳಿ. ಮಣಿ ಪೋಣಿಸಿದ್ರೆ ಸರ. ಎಂಥ ಮಣಿಗಳು ಎಷ್ಟಿವೆ, ಎಲ್ಲಿ ಕೂತಿವೆ ಅನ್ನೋದರ ಮೇಲೆ ಸರ ಹೇಗೆ ಸುತ್ತಿಕೊಳ್ಳುತ್ತೆ ಅನ್ನೋದು. ಅಲನಿನ್, ಲ್ಯೂಸಿನ್, ಲೈಸಿನ್ ಇವೆಲ್ಲ ಹೊಂದಿಕೊಂಡು ಹೋಗೋ ಜನ. ಪ್ರತಿಯೊಬ್ಬರೂ ನಾಲ್ಕನೆಯವರ ಕಡೆ ಕೈ ಚಾಚಿ ಹಿಡ್ಕೋತಾರೆ. ಹಾಗೆ ಹಿಡ್ಕೊಂಡು ಹಿಡ್ಕೊಂಡು ಹೋದ್ರೆ ಈ ವಯರ್ ಥರ ಸುರುಳಿ ಆಗುತ್ತೆ."

"ಗ್ಲೈಸಿನ್ ಅಂತ ಒಬ್ರಿದ್ರಲ್ಲ?"

"ಅವರಿಗೆ ಮೈಯಲ್ಲಿ ಬಿಗಿ ಇಲ್ಲ, ಎಲ್ಲಿ ಬೇಕಾದ್ರೂ ವಾಲ್ತಾರೆ. ಸುರುಳಿ ಸಡಿಲ ಆಗುತ್ತೆ. ಆದ್ರೆ ಸುರುಳೀನ ಮುರಿಯೋದು ಪ್ರೋಲೀನ್." ಮಗಳು ವಯರಿನ ನಡುವೆ ಬೆರಳಿಟ್ಟು ಬಗ್ಗಿಸಿದಳು. "ಪ್ರೋಲೀನ್ ತನ್ನ ಕೈನ ತನ್ನ ಬೆನ್ನಿಗೇ ಕಟ್ಟಿಕೊಂಡಿರುತ್ತೆ. ಬೇರೆಯವರಿಗೆ ಕೊಡೋಕೆ ಕೈನೇ ಇಲ್ಲ. ಅದು ಕೂತ ಕಡೆ ಸುರುಳಿ ಹೀಗೆ ಮುರಿದು ವಾಲುತ್ತೆ. ಅಪ್ಪನ ಔಷಧದ ಜೀವ ಇದ್ದದ್ದೇ ಆ ಮುರುಕಿನಲ್ಲಿ. ಮುರಿದ ಸುರುಳಿ ರೋಗಾಣುವಿನ ಪೊರೆಗೆ ಮಾತ್ರ ತೂತು ಹಾಕುತ್ತೆ, ನಮ್ಮ ಕಣಗಳ ತಂಟೆಗೆ ಬರಲ್ಲ. ಮುರಿಯದೆ ನೆಟ್ಟಗೆ ನಿಂತರೆ..."

"ನಮ್ಮ ಕಣಗಳಿಗೂ ತೂತು."

"ಹೂಂ." ಅವಳು ಮುಖ ಆಚೆ ತಿರುಗಿಸಿದಳು. ವಯರು ಅವಳ ಬೆರಳಿನಿಂದ ಜಾರಿ ತನ್ನಷ್ಟಕ್ಕೆ ನೆಟ್ಟಗಾಯಿತು.

ಬೆಳಿಗ್ಗೆ ಬಂದಿದ್ದ ವರದಿಯೂ ಅದನ್ನೇ ಹೇಳುತ್ತಿತ್ತು. ಪ್ರೋಲೀನ್ ಎಂದು ಚೀಟಿ ಅಂಟಿಸಿದ್ದ ಬಾಟಲಿಯಲ್ಲಿ ಇದ್ದದ್ದು ಅಲನಿನ್. ಎರಡೂ ಬಿಳಿ ಪುಡಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುರುಳಿಯ ಲೆಕ್ಕ ಹಿಡಿಯುವ ಯಂತ್ರದಲ್ಲಿ ಮಗಳು ಎರಡು ಗೆರೆ ತೆಗೆದಿದ್ದಳು. ಸರಿಯಾದ ಸರದ ಗೆರೆಯಲ್ಲಿ ಸುಮ್ಮನೆ ಎರಡು ತಗ್ಗು. ಪ್ರೊಫೆಸರರ ತೋಳಿಗೆ ಹೋದ ಸೀಸೆಯ ಗೆರೆಯಲ್ಲಿ ಪಕ್ಕಪಕ್ಕ ಎರಡು ಆಳವಾದ ಗುಂಡಿ, ಅಂದರೆ ಮುರಿಯದ ಸುರುಳಿ. ಹದಿನೇಳರಲ್ಲಿ ಒಂದು ಮಣಿ ಬದಲಾದದ್ದಕ್ಕೆ ಇಷ್ಟು.

ಆದರೆ ಬಾಟಲಿ ಮೋಸ ಮಾಡಬಹುದು, ಬಣ್ಣ ಮೋಸ ಮಾಡುವುದಿಲ್ಲ. ಈ ಲ್ಯಾಬಿನಲ್ಲಿ ಅತ್ತೆ ನಡೆಸಿಕೊಂಡು ಬಂದ ಪದ್ಧತಿಯೊಂದಿತ್ತು. ಯಂತ್ರ ಒಂದೊಂದು ಮಣಿ ಸೇರಿಸಿದಾಗಲೂ ಅವರು ಸರದ ಒಂದು ಚಿಟಿಕೆ ತೆಗೆದು, ಗಾಜಿನ ಕೊಳವೆಯಲ್ಲಿ ಎರಡು ಹನಿ ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿ, ಬಂದ ಬಣ್ಣವನ್ನು ಕಾಗದಕ್ಕೆ ಒತ್ತಿ ಅಂಟಿಸುತ್ತಿದ್ದರು. ಬೇರೆ ಲ್ಯಾಬುಗಳು ಈ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಅತ್ತೆ ಬಿಟ್ಟಿರಲಿಲ್ಲ.

ನಿನ್‌ಹೈಡ್ರಿನ್ ಎಂದರೆ ಇನ್‌ಸ್ಪೆಕ್ಟರಮ್ಮನಿಗೆ ತವರುಮನೆಯ ಮಾತು. ಬೆರಳಚ್ಚು ವಿಭಾಗದಲ್ಲಿ ಎಂಟು ವರ್ಷ ಅದನ್ನೇ ಕಾಗದಕ್ಕೆ ಸಿಂಪಡಿಸಿ, ಕಳ್ಳರ ಹೆಬ್ಬೆರಳು ನೇರಳೆಯಾಗಿ ಮೂಡುವುದನ್ನು ಕಾದು ಕೂತವಳು. ಬೆವರಿನಲ್ಲಿರುವ ಅಮೈನೋ ಆಮ್ಲ ಮುಟ್ಟಿದ ಕಡೆ ಬಣ್ಣ ಬರುತ್ತದೆ ಎಂದು ಆಗ ಉರುಹೊಡೆದಿದ್ದಳು. ಯಾಕೆ ಎಂದು ತಿಳಿದದ್ದು ಇವತ್ತು.

"ಬಿಡುವಾಗಿರೋ ಕೈ ಸಿಕ್ಕರೆ ನೀಲಿ," ಎಂದಳು. "ಪ್ರೋಲೀನಿಗೆ ಬಿಡುವಾಗಿರೋ ಕೈ ಇಲ್ಲ. ಅದಕ್ಕೇ ಅದು ಕಂದು."

"ಅದಕ್ಕೇ."

"ಸುರುಳಿ ಮುರಿಯೋಕೂ ಅದೇ ಕಾರಣ."

ಮಗಳು ತಲೆಯಾಡಿಸಿದಳು. ಆಮೇಲೆ ತಡೆಯಲಾರದೆ, "ಮೂವತ್ತೊಂದು ವರ್ಷ ಬಣ್ಣ ನೋಡಿದವರು ನಮ್ಮತ್ತೆ. ನೀಲಿ ಎದುರಿಗಿಟ್ಟುಕೊಂಡು ಕಂದು ಅಂತ ಹೇಗೆ ಬರೀತಾರೆ?" ಎಂದಳು. "ಬೇಕು ಅಂತಾನೇ ಬರೆಯದಿದ್ರೆ?"

ಆ ಪ್ರಶ್ನೆ ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾದಂತಿತ್ತು. ಇನ್‌ಸ್ಪೆಕ್ಟರಮ್ಮ ಅವಳನ್ನು ಹೊರಗೆ ಕಳಿಸಿದಳು. ಪಡಸಾಲೆಯ ಬೆಂಚಿನ ಮೇಲೆ ದಫೇದಾರರು ಕೂತಿದ್ದರು. ಹನ್ನೊಂದು ದಿನದಿಂದ ಅವರು ಈ ಕಟ್ಟಡದಲ್ಲಿ ಏನನ್ನೂ ಮುಟ್ಟದೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ತನಿಖೆ ನಡೆಸುತ್ತಿದ್ದರು.

"ಇವರನ್ನ ಪಕ್ಕದಲ್ಲೇ ಕೂರಿಸ್ಕೊಳ್ಳಿ. ನಾನು ಕರೆಯೋವರೆಗೂ ಏಳೋದು ಬೇಡ."

"ಆಗಲಿ ಮೇಡಂ. ಇಲ್ಲಿ ಬೆಂಚು ಮುಟ್ಟಿದ್ರೆ ಏನೂ ಆಗಲ್ಲ ತಾನೇ?"

ಅವಳು ಆಗಲೇ ನೋಟ್‌ಬುಕ್ ಎತ್ತಿಕೊಂಡು ಒಳಗೆ ಹೊರಟಿದ್ದಳು.

*

ಸರ ಪೋಣಿಸುವ ಕೋಣೆ ಒಳಗಡೆಯದು. ಕಿಟಕಿಯಿಲ್ಲ, ಪಡಸಾಲೆಯ ಕಡೆಗೆ ಬಾಗಿಲಲ್ಲೊಂದು ಗಾಜು, ಅಷ್ಟೆ. ಹಗಲು ಮೂರು ಗಂಟೆಯಲ್ಲೂ ಅಲ್ಲಿ ಎಷ್ಟು ಹೊತ್ತು ಎಂದು ತಿಳಿಯುತ್ತಿರಲಿಲ್ಲ. ಯಂತ್ರ ಆರಿತ್ತು. ಆರಿದ ಯಂತ್ರದ ನಳಿಕೆಯೊಳಗೆ ಎಲ್ಲೋ ಉಳಿದ ದ್ರವ ಆಗಾಗ ಗುಳಕ್ ಎನ್ನುತ್ತಿತ್ತು. ಪ್ರತಿ ಸಲವೂ ಇನ್‌ಸ್ಪೆಕ್ಟರಮ್ಮ ಬೆಚ್ಚಿಬೀಳುತ್ತಿದ್ದಳು, ಪ್ರತಿ ಸಲವೂ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಅತ್ತೆ ತೊಟ್ಟಿಯ ಹತ್ತಿರ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ಸಣ್ಣ ಆಳು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ಸಂಜೆ ನಾಲ್ಕಕ್ಕೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ತೊಳೆದ ಕೊಳವೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು.

"ಅತ್ತೆ, ಆ ಬುಧವಾರದ ಒಂಬತ್ತನೇ ಚುಕ್ಕೆ ನೀಲಿ ಇದೆ."

ಕೈ ಒಂದು ಗಳಿಗೆ ನಿಂತಿತು. ಮತ್ತೆ ತೊಳೆಯತೊಡಗಿತು.

"ಹಾಗಾದ್ರೆ ನಾನೇ ಕೊಂದೆ ಅಂತ ಬರ್ಕೊಳ್ಳಿ," ಎಂದರು ಅತ್ತೆ. "ಎಲ್ಲಿ ಸಹಿ ಹಾಕ್ಬೇಕು ಹೇಳಿ. ಹಾಕ್ತೀನಿ."

"ಯಾಕೆ ಕೊಂದ್ರಿ?"

"ಅದೂ ನೀವೇ ಬರ್ಕೊಳ್ಳಿ."

ಇನ್‌ಸ್ಪೆಕ್ಟರಮ್ಮನಿಗೆ ರೇಗಿಹೋಯಿತು. ತಪ್ಪೊಪ್ಪಿಕೊಳ್ಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಅಳುವವರು, ಕೂಗಾಡುವವರು, ಲಾಯರನ್ನು ಕೇಳುವವರು. ಹೀಗೆ ಬಿಸಾಡುವ ಬಟ್ಟೆಯ ಹಾಗೆ ಪ್ರಾಣವನ್ನು ಮುಂದೆ ಚಾಚಿದವರನ್ನು ನೋಡಿರಲಿಲ್ಲ. ಈಕೆ ಯಾವುದನ್ನೋ ಮುಚ್ಚಿಡುತ್ತಿದ್ದಾರೆ, ಅದು ಜೈಲಿಗಿಂತ ದೊಡ್ಡದು ಎಂದು ಅವಳಿಗೆ ಅನ್ನಿಸಿತು.

ತನ್ನ ಚೀಲದಿಂದ ಹಳೆಯ ಬೆರಳಚ್ಚಿನ ಚೀಟಿಯೊಂದನ್ನು ತೆಗೆದು ಅವರೆದುರು ಹಿಡಿದಳು. ಕೆಲಸಕ್ಕೆ ಸೇರಿದ ವರ್ಷ ತಾನೇ ತೆಗೆದ ಮೊದಲನೆಯ ಅಚ್ಚು, ಗಾಢ ನೇರಳೆ.

"ಇದು ಯಾವ ಬಣ್ಣ ಅತ್ತೆ?"

"ಏನಿದು ಮಕ್ಕಳಾಟ?"

"ಹೇಳಿ."

ಅತ್ತೆ ಕೈ ಒರೆಸಿಕೊಂಡು ಚೀಟಿಯನ್ನು ಮೂಗಿನ ಹತ್ತಿರ ಹಿಡಿದರು. ದೂರ ಹಿಡಿದರು. ದೀಪದ ಕಡೆ ತಿರುಗಿಸಿದರು.

"ಕಂದು," ಎಂದರು. "ಹಳೇದಾಗಿದೆಯಲ್ಲ."

ಇನ್‌ಸ್ಪೆಕ್ಟರಮ್ಮ ಚೀಟಿಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು. ಅದರಿಂದಲೇ ಅತ್ತೆಗೆ ಗೊತ್ತಾಯಿತು. ತೊಟ್ಟಿಯ ಅಂಚು ಹಿಡಿದುಕೊಂಡು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಯಾವಾಗಿಂದ?"

"ಎರಡು ವರ್ಷ ಆಯ್ತು." ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅಕ್ಷರ ಕಾಣುತ್ತೆ, ಮುಖ ಕಾಣುತ್ತೆ. ಬಣ್ಣ ಮಾತ್ರ ಎಲ್ಲ ಒಂದೇ ಥರ, ಮುಸ್ಸಂಜೆ ಆದ ಹಾಗೆ. ಕಣ್ಣಿನ ಡಾಕ್ಟರು ವಾಪಸ್ ಬರೋದಿಲ್ಲ ಅಂದ್ರು."

"ಯಾರಿಗೂ ಹೇಳಲಿಲ್ಲ."

"ಹೇಳಿದ್ರೆ ಮನೆಗೆ ಹೋಗಿ ಅಂತಿದ್ರು. ನಂಗೆ ಮನೇಲಿ ಏನಿದೆ ತಾಯಿ? ಇದೇ ನನ್ನ ಮನೆ." ಕಣ್ಣು ತುಂಬಿ ಬಂದದ್ದನ್ನು ಅವರು ತೋಳಿನಿಂದ ಒರೆಸಿಕೊಂಡರು. "ನನ್ನ ಹಟಕ್ಕೆ ಅಣ್ಣ ಬಲಿಯಾದ. ಅದಕ್ಕೇ ಅಂದಿದ್ದು, ನಾನೇ ಕೊಂದೆ ಅಂತ."

ಆದರೆ ಇನ್‌ಸ್ಪೆಕ್ಟರಮ್ಮನ ಪೊಲೀಸ್ ಬುದ್ಧಿ ಅಲ್ಲಿಗೆ ಸುಮ್ಮನಾಗಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಹೋಲಿಸಿ ನೋಡಲು ಸರಿಯಾದ ಸರ ಒಂದು ಬೇಕೆಂದು ಅವಳೇ ಕೇಳಿದ್ದಳು. ಹೊಸ ಬಾಟಲಿ ತರಿಸಿ ನಿನ್ನೆಯಷ್ಟೇ ಅತ್ತೆ ಅದನ್ನು ಪೋಣಿಸಿದ್ದರು. ಹದಿನೇಳು ಚುಕ್ಕೆ, ಒಂಬತ್ತನೆಯದು ಕಂದು. ಅದನ್ನು ಅಂದಾಜಿನ ಮೇಲೆ ಬರೆದಿರಬಹುದು. ಆದರೆ ಹನ್ನೆರಡರ ಪಕ್ಕದಲ್ಲಿ ಇನ್ನೇನೋ ಇತ್ತು.

"'ನೀಲಿಯಲ್ಲಿ ಕೆಂಪು ಬೆರೆತಿದೆ, ಇನ್ನೊಮ್ಮೆ ತೊಳೆಯಬೇಕು.' ನಿನ್ನೆ ಬರೆದಿದ್ದೀರಿ. ನಿಜವಾಗ್ಲೂ ಕೆಂಪು ಬೆರೆತಿದೆ. ನಿಮಗೆ ಹೇಗೆ ಗೊತ್ತಾಯ್ತು?"

ಅತ್ತೆ ನೋಟ್‌ಬುಕ್ಕನ್ನು ಮುಚ್ಚಲು ಕೈ ಚಾಚಿದರು.

"ನಿಮಗೆ ಬಣ್ಣ ಹೇಳ್ತಾ ಇದ್ದವರು ಯಾರು ಅತ್ತೆ?"

"ಅಣ್ಣ," ಎಂದರು ಕೊನೆಗೆ. "ಅಣ್ಣನೊಬ್ಬನಿಗೇ ಗೊತ್ತಿತ್ತು. ಮೇಜಿನ ಮೇಲ್ಗಡೆ ಆ ಕ್ಯಾಮೆರಾ ಹಾಕಿಸಿದ್ದು ಅವನೇ. ಗೋಡೆ ಮೇಲೆ ಆ ಸ್ಪೀಕರು. ಅವನು ಮಹಡಿ ಮೇಲೆ ತನ್ನ ಕೋಣೇಲಿ ಕೂತಿರ್ತಿದ್ದ. ನಾನು ಕೊಳವೆ ಇಟ್ಟು ಮೇಜನ್ನ ಎರಡು ಸಲ ಬಡೀತಿದ್ದೆ. ಅವನು ನೋಡಿ ಹೇಳ್ತಿದ್ದ. ನೀಲಿ, ಕಂದು, ಹೀಗೆ. ಬುಧವಾರ ಒಂಬತ್ತನೇದಕ್ಕೂ ಕಂದು ಅಂದ. ನಾನು ಬರೆದೆ."

ಬುಧವಾರ. ಬುಧವಾರ ಮಧ್ಯಾಹ್ನ ಪ್ರೊಫೆಸರ್ ಮಹಡಿಯ ಮೇಲೆ ಇರಲಿಲ್ಲ. ಊರಿನ ಆ ತುದಿಯ ಸಭಾಂಗಣದಲ್ಲಿ ಮುನ್ನೂರು ಜನರೆದುರು ಭಾಷಣ ಮಾಡುತ್ತಿದ್ದರು. ಆ ಭಾಷಣದ ರೆಕಾರ್ಡಿಂಗನ್ನು ಅವಳು ಈ ಹನ್ನೊಂದು ದಿನದಲ್ಲಿ ಕೇಳಿ ಕೇಳಿ, ಅವರು ಎಲ್ಲಿ ಕೆಮ್ಮುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು.

"ಬುಧವಾರ ನಿಮ್ಮಣ್ಣ ಮೇಲೆ ಇರಲಿಲ್ಲ, ಅತ್ತೆ."

"ಅಣ್ಣನ ದನಿ ನಂಗೊತ್ತಿಲ್ವಾ?"

"ಅದು ಬಿಡಿ." ಅವಳು ಹನ್ನೆರಡನೆಯ ಚುಕ್ಕೆಯ ಮೇಲೆ ಬೆರಳಿಟ್ಟಳು. "ನಿನ್ನೆ ಹನ್ನೆರಡನೇದು ಕೆಂಪು ಅಂದವರು ಯಾರು?"

ಅತ್ತೆ ಅವಳ ಮುಖವನ್ನೇ ನೋಡಿದರು. ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಕೊಲೆಗಾತಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಹನ್ನೊಂದು ದಿನದಿಂದ ಹಲ್ಲು ಕಚ್ಚಿ ಕೂತಿದ್ದ ಹೆಂಗಸು ಕಡೆಗೂ ಬಾಯಿ ಬಿಟ್ಟರು.

"ಅಣ್ಣನೇ," ಎಂದರು. "ಅಭ್ಯಾಸಬಲದಿಂದ ಮೇಜು ಬಡಿದೆ. ಅವನು ಹೇಳಿದ."

*

ಮಹಡಿಯ ಕೋಣೆಗೆ ಒಂದೇ ಬಾಗಿಲು. ಪ್ರೊಫೆಸರ್ ಸತ್ತ ದಿನವೇ ಇನ್‌ಸ್ಪೆಕ್ಟರಮ್ಮ ಅದಕ್ಕೆ ಬೀಗ ಜಡಿದು, ಅರಗು ಒತ್ತಿ, ಬೀಗದ ಕೈ ತನ್ನ ಚೀಲದಲ್ಲಿ ಹಾಕಿಕೊಂಡಿದ್ದಳು. ಇವತ್ತು ಬೆಳಿಗ್ಗೆಯೂ ಹೋಗಿ ನೋಡಿದ್ದಳು. ಅರಗು ಒಡೆದಿರಲಿಲ್ಲ.

"ಈಗ ಬಡೀರಿ," ಎಂದಳು.

"ಬೇಡ ತಾಯಿ."

"ನಾನಿದ್ದೀನಿ. ಬಡೀರಿ."

ಅತ್ತೆ ನಿನ್ನೆಯ ಕೊಳವೆಗಳಲ್ಲಿ ಒಂದನ್ನು ಕ್ಯಾಮೆರಾದ ಕೆಳಗಿನ ಚೌಕದಲ್ಲಿ ಇಟ್ಟರು. ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಬಡಿದರು.

ಟಕ್. ಟಕ್.

ಏನೂ ಆಗಲಿಲ್ಲ. ಇನ್‌ಸ್ಪೆಕ್ಟರಮ್ಮ ಬಿಟ್ಟ ಉಸಿರು ಅವಳಿಗೇ ಕೇಳಿಸಿತು. ಪಾಪ, ದುಃಖಕ್ಕೆ ಈಕೆಯ ತಲೆ ಸ್ವಲ್ಪ ಹೆಚ್ಚುಕಡಿಮೆಯಾಗಿದೆ, ಅಷ್ಟೇ ಎಂದುಕೊಂಡಳು.

ಗೋಡೆಯ ಸ್ಪೀಕರಿನಲ್ಲಿ ಕರಕರ ಸದ್ದಾಯಿತು.

"ನೀಲಿ."

ಅದೇ ದನಿ. ಭಾಷಣದಲ್ಲಿ ಕೇಳಿದ್ದ, ಕೊಂಚ ಮೂಗಿನಲ್ಲಿ ಮಾತಾಡುವ, ಪದದ ಕೊನೆಯನ್ನು ಮೆಲ್ಲಗೆ ಇಳಿಸುವ ದನಿ. ಆ ಬಾಯಿ ಮುಚ್ಚಿದ್ದನ್ನು ಅವಳು ಶವಾಗಾರದಲ್ಲಿ ಸ್ವಂತ ಕಣ್ಣಿನಿಂದ ನೋಡಿದ್ದಳು.

ಆದರೂ ಬುದ್ಧಿ ಬೇಗ ಚೇತರಿಸಿಕೊಂಡಿತು. ರೆಕಾರ್ಡಿಂಗ್! ಬೇಕಾದದ್ದು ಎರಡು ಮೂರು ಪದ, ಅಷ್ಟೇ. ಎರಡು ವರ್ಷ ದಿನಾ ಹೇಳಿದ ಮಾತನ್ನು ಯಾರಾದರೂ ಹಿಡಿದಿಟ್ಟುಕೊಳ್ಳಬಹುದು. ಎಲ್ಲೋ ಕೂತು ಕ್ಯಾಮೆರಾ ನೋಡುತ್ತ ಗುಂಡಿ ಒತ್ತುತ್ತಿದ್ದಾರೆ. ಅಪ್ಪನ ದನಿ ಮಗಳ ಹತ್ತಿರ ಇಲ್ಲದೆ ಇನ್ನಾರ ಹತ್ತಿರ ಇರುತ್ತದೆ? ಬಾಗಿಲ ಗಾಜಿನಾಚೆ ನೋಡಿದಳು. ಮಗಳು ಬೆಂಚಿನ ಮೇಲೆ ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ದಫೇದಾರರು ಆಕಳಿಸುತ್ತಿದ್ದರು.

ಮಗಳಲ್ಲ. ಹಾಗಾದರೆ ಇನ್ನೊಬ್ಬರಿದ್ದಾರೆ.

ಸರಿ, ಅವರ ರೆಕಾರ್ಡಿಂಗಿನಲ್ಲಿ ಇರಲಾರದ ಮಾತೊಂದನ್ನು ಕೇಳಿಯೇಬಿಡೋಣ ಎಂದುಕೊಂಡು ಇನ್‌ಸ್ಪೆಕ್ಟರಮ್ಮ ತನ್ನ ನೇರಳೆ ಚೀಟಿಯನ್ನು ಚೌಕದೊಳಗೆ ತಳ್ಳಿದಳು. ತಾನೇ ಮೇಜನ್ನು ಎರಡು ಸಲ ಬಡಿದಳು.

ಕರಕರ ಸದ್ದು.

"ಕೈ ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಇನ್‌ಸ್ಪೆಕ್ಟರಮ್ಮ. ನೆರಳು ಬೀಳ್ತಿದೆ."

ಅವಳು ಕೈ ಎಳೆದುಕೊಂಡಳು. ಬೆಂಕಿ ಮುಟ್ಟಿದವಳ ಹಾಗೆ ಎಳೆದುಕೊಂಡಳು. ಅತ್ತೆ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು. ಅವರ ಕಣ್ಣಲ್ಲಿ ಭಯವಿರಲಿಲ್ಲ, ಹನ್ನೊಂದು ದಿನದ ಭಾರ ಇಳಿದ ನೀರಿತ್ತು.

"ನಿಮಗೂ ಕೇಳಿಸ್ತಾ? ಹೌದಾ ತಾಯಿ, ನಿಮಗೂ ಕೇಳಿಸ್ತಾ?"

ಇನ್‌ಸ್ಪೆಕ್ಟರಮ್ಮ ಹೌದೆಂದು ತಲೆಯಾಡಿಸಿದಳು. ಸ್ಪೀಕರು ಇನ್ನೂ ಆರಿರಲಿಲ್ಲ. ಆಚೆ ಕಡೆ ಯಾರೋ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅದೇ ಗಳಿಗೆಗೆ ನೆತ್ತಿಯ ಮೇಲೆ, ಅರಗು ಒತ್ತಿದ ಕೋಣೆಯ ನೆಲದಲ್ಲಿ, ಕುರ್ಚಿಯ ಕಾಲೊಂದು ಕಿರ್ರೆಂದಿತು.

"ಜೀಪು ಬಂತು," ಎಂದಿತು ದನಿ, ತುಂಬ ಅಕ್ಕರೆಯಿಂದ. "ತಡ ಮಾಡಬೇಡ. ನೀನೇ ಮಾಡಿದ್ದು ಅಂತ ಹೇಳಿ ಅವರ ಜೊತೆ ಹೊರಡು, ಗುಬ್ಬಿ."

ಅವಳ ಕೈಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆದರೆ ಹೊರಗೆ, ದೂರದ ಗೇಟಿನ ಹತ್ತಿರ, ಎಂಜಿನ್ನಿನ ಸದ್ದು ಆಗಷ್ಟೇ ಕೇಳತೊಡಗಿತು.

"ಅತ್ತೆ, ಅದು ನಿಮ್ಮಣ್ಣ ಅಲ್ಲ. ನನ್ನ ಮಾತು ಕೇಳಿ. ಯಾರೋ ಅವರ ಥರ ಮಾತಾಡ್ತಿದ್ದಾರೆ. ಬುಧವಾರ ನೀಲೀನ ಕಂದು ಅಂದದ್ದೂ ಇದೇ ದನಿ."

"ಗುಬ್ಬಿ ಅನ್ನೋದು ನಮ್ಮಮ್ಮ ಇಟ್ಟ ಹೆಸರು," ಎಂದರು ಅತ್ತೆ. ಅವರ ಮುಖದಲ್ಲಿ ಒಂದು ನಗುವಿತ್ತು. ಇನ್‌ಸ್ಪೆಕ್ಟರಮ್ಮನನ್ನು ಆ ದನಿಗಿಂತ ಹೆಚ್ಚು ಹೆದರಿಸಿದ್ದು ಆ ನಗು. "ಅಮ್ಮ ಹೋದ ಮೇಲೆ ಅಣ್ಣನೊಬ್ಬನೇ ಹಾಗೆ ಕರೀತಿದ್ದ. ಅದೂ ಯಾರೂ ಇಲ್ಲದಾಗ. ಈ ಕಟ್ಟಡದಲ್ಲಿ ಆ ಹೆಸರು ಯಾರ ಕಿವಿಗೂ ಬಿದ್ದಿಲ್ಲ."

ಅವರು ಎದ್ದರು. ಎರಡು ವರ್ಷ ಆ ದನಿ ಹೇಳಿದ್ದನ್ನು ಹೇಳಿದ ಹಾಗೆ ಬರೆದ ಹೆಂಗಸು, ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚತೊಡಗಿದರು.

"ಅಣ್ಣ ಹೇಳಿದ್ದಾಯ್ತಲ್ಲ. ನಡೀರಿ, ಎಲ್ಲಿ ಸಹಿ ಹಾಕ್ಬೇಕು?"